ಕಾರು, ಬೈಕು, ಸೈಕಲ್ಲು, ಕಾಲು: ಬೆಟ್ಟದ ಒಳದಾರಿಗೆ ಯಾವುದು ಸರಿ?

ಬೆಟ್ಟದ ಬುಡದಲ್ಲಿರುವ ಈ ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಒಂದೇ ಹುಚ್ಚು. ಮನೆ ಹಿಂದೆ ಶುರುವಾಗುವ ಕಾಡು ಎಲ್ಲಿವರೆಗೆ ಹೋಗುತ್ತದೆ, ಡಾಂಬರು ಮುಗಿದ ಮೇಲೆ ಆ ಮಣ್ಣುರಸ್ತೆ ಯಾವ ಕಣಿವೆಗೆ ಇಳಿಯುತ್ತದೆ ಅಂತ ನೋಡಲೇಬೇಕು. ಆದರೆ ಹೇಗೆ ಹೋಗುವುದು ಅನ್ನುವುದರಲ್ಲಿ ಮಾತ್ರ ಒಮ್ಮತ ಇರಲಿಲ್ಲ. ನಮ್ಮನೆಯವರು ಬೈಕಿನ ಪರ, ನಾನು ನಡಿಗೆಯ ಪರ. ಕೊನೆಗೆ ವಾದ ಬಿಟ್ಟು, ಸುತ್ತಲಿನ ದಾರಿಗಳನ್ನೇ ಕಾರು, ಬೈಕು, ಸೈಕಲ್ಲು, ನಡಿಗೆ ನಾಲ್ಕರಲ್ಲೂ ಸುತ್ತಿ ನೋಡಿದೆವು. ಮಳೆ ಬಿದ್ದು ರಸ್ತೆ ಜಾರುವಾಗಲೂ ಹೋದೆವು, ಧೂಳೇಳುವ ಒಣ ದಿನಗಳಲ್ಲೂ ಹೋದೆವು.

ವೇಗ, ಖರ್ಚು, ಸುಸ್ತು ಎಲ್ಲಾ ಲೆಕ್ಕಕ್ಕೆ ಬಂದೇ ಬರುತ್ತವೆ. ಆದರೆ ಸುತ್ತುತ್ತಾ ಹೋದ ಹಾಗೆ ನನಗೆ ಎರಡೇ ಪ್ರಶ್ನೆ ದೊಡ್ಡವು ಅನ್ನಿಸಿತು. ಬೇಕು ಅನ್ನಿಸಿದ ಕಡೆ ನಿಲ್ಲೋಕೆ ಆಗುತ್ತಾ? ಇಬ್ಬರಿಗೂ ಕಾಡು ಕಾಣುತ್ತಾ?

ಕಾರಿನಿಂದ ಶುರು ಮಾಡುತ್ತೇನೆ. ಹೊಸ ಜಾಗಕ್ಕೆ ಬಂದವರು ಮೊದಲು ಸುತ್ತಬೇಕಾದ್ದು ಅದರಲ್ಲೇ. ಯಾವ ರಸ್ತೆ ಎಲ್ಲಿ ಕೂಡುತ್ತದೆ, ಯಾವ ಹಳ್ಳಕ್ಕೆ ಸೇತುವೆ ಇದೆ, ಫೋನ್ ಸಿಗ್ನಲ್ ಎಲ್ಲಿ ಸಾಯುತ್ತದೆ ಅನ್ನುವುದೆಲ್ಲ ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಮಳೆ ಬಂದರೂ ಚಿಂತೆ ಇಲ್ಲ. ನೀರು, ಒಣ ಬಟ್ಟೆ, ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲಾ ಹಿಡಿಯುತ್ತದೆ. ಕಿಟಕಿ ಇಳಿಸಿಕೊಂಡು ಹೋದರೆ ಮಾತೂ ಸಾಗುತ್ತದೆ. ಇನ್ನೊಂದು ಲಾಭ ನಾವು ಎಣಿಸಿರಲಿಲ್ಲ. ಎಷ್ಟೋ ಕಾಡುಪ್ರಾಣಿಗಳು ನಡೆದು ಬರುವ ಮನುಷ್ಯನಿಗೆ ಹೆದರಿದಷ್ಟು ನಿಂತ ವಾಹನಕ್ಕೆ ಹೆದರುವುದಿಲ್ಲ. ಇಂಜಿನ್ ಆರಿಸಿ ಒಳಗೇ ಕೂತರೆ ಜಿಂಕೆಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ.

ತೊಂದರೆ ಇರುವುದು ನಿಲ್ಲಿಸುವುದರಲ್ಲಿ. ಬೆಟ್ಟದ ಒಳರಸ್ತೆ ಅಂದರೆ ಒಂದು ಬದಿ ಗೋಡೆಯಂಥ ಮಣ್ಣು, ಇನ್ನೊಂದು ಬದಿ ಕಂದಕ, ನಡುವೆ ಒಂದೇ ವಾಹನಕ್ಕೆ ಸಾಲುವಷ್ಟು ಅಗಲ. "ರೀ, ಅಲ್ಲಿ ನೋಡಿ" ಅನ್ನುವಷ್ಟರಲ್ಲಿ ತಿರುವು ದಾಟಿ ಆಗಿರುತ್ತದೆ. ಅಂಚಿಗೆ ಸರಿಸಿ ನಿಲ್ಲಿಸೋಣ ಅಂದರೆ ಮಳೆಯಾದ ಮೇಲೆ ಆ ಅಂಚು ಮೆತ್ತಗಿರುತ್ತದೆ, ಕುಸಿಯಬಹುದು. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸುವುದು ಇನ್ನೂ ಅಪಾಯ. ಕಾರಿನ ಕೆಳಗಿನ ಹೊಗೆಕೊಳವೆ ಕಾದು ಹುಲ್ಲಿಗೆ ಬೆಂಕಿ ತಗಲಬಹುದು. ಕಾಡಿಗೆ ಹೋಗುವವರು ಇದೊಂದನ್ನು ದಯವಿಟ್ಟು ಮರೆಯಬೇಡಿ.

ಎದುರಿಗೆ ವಾಹನ ಬಂದರೆ ಸಾಮಾನ್ಯವಾಗಿ ಏರುತ್ತಿರುವವರಿಗೆ ದಾರಿ ಬಿಡಬೇಕು. ಏರಿನಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ, ಅದಕ್ಕೇ ಈ ಪದ್ಧತಿ. ಅಂದರೆ ಇಳಿಯುವವರು ರಿವರ್ಸ್ ತೆಗೆದುಕೊಂಡು ಹಿಂದಕ್ಕೆ ಹತ್ತಬೇಕಾಗುತ್ತದೆ. ಮರ ಬಿದ್ದು ದಾರಿ ಮುಚ್ಚಿದ್ದರೆ ಅಲ್ಲೇ ತಿರುಗಿಸಬೇಕು. ಆಗ ನಾನು ಕೆಳಗಿಳಿದು ಹಿಂದಿನ ಚಕ್ರದ ಪಕ್ಕ ನಿಲ್ಲುತ್ತೇನೆ. ಚಕ್ರಕ್ಕೂ ಕಂದಕದ ಅಂಚಿಗೂ ನಡುವೆ ಮೊಳದಷ್ಟು ಜಾಗ ಉಳಿದಾಗ ಡಿಕ್ಕಿಯ ಮೇಲೆ ಜೋರಾಗಿ ತಟ್ಟುತ್ತೇನೆ. ಅವರು ಮುಂದಕ್ಕೆ ಒಂದಿಷ್ಟು, ಮತ್ತೆ ಹಿಂದಕ್ಕೆ ಒಂದಿಷ್ಟು. ಕಾರು ತಿರುಗುವ ಹೊತ್ತಿಗೆ ಇಬ್ಬರ ಬೆನ್ನೂ ಬೆವತಿರುತ್ತದೆ.

ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರೋಕೆ ಯಾವ ಗೇರ್ ಬೇಕಾಗಿತ್ತೋ ಇಳಿಯೋಕೂ ಅದೇ ಗೇರ್ ಅನ್ನುವುದು ಬೆಟ್ಟದ ಚಾಲಕರ ಹಳೆಯ ಮಾತು. ಅದು ನಿಜ. ಇಷ್ಟೆಲ್ಲ ಎಚ್ಚರ ಬೇಕಾದ್ದರಿಂದ ಓಡಿಸುವವರಿಗೆ ಕಾಡು ಕಾಣುವುದೇ ಇಲ್ಲ. ಅವರು ನೋಡುವುದು ರಸ್ತೆ ಮಾತ್ರ.

ಬೈಕಿನಲ್ಲಿ ಈ ಎರಡನೇ ತೊಂದರೆ ಹಾಗೇ ಉಳಿಯುತ್ತದೆ, ಮೊದಲನೆಯದು ಬಹಳ ಕಡಿಮೆಯಾಗುತ್ತದೆ. ಎಲ್ಲಿ ಬೇಕಾದರೂ ಪಕ್ಕಕ್ಕೆ ಸರಿಸಿ ನಿಲ್ಲಬಹುದು, ತಿರುಗಿಸಬಹುದು. ನಿಲ್ಲಿಸುವಾಗ ಮುಂದಿನ ಚಕ್ರ ಏರಿನ ಕಡೆಗಿರಲಿ, ಗೇರಿನಲ್ಲೇ ಬಿಡಿ. ಮೆತ್ತಗಿನ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತು ಬೈಕ್ ವಾಲುತ್ತದೆ. ಕೆಳಗೊಂದು ಚಪ್ಪಟೆ ಕಲ್ಲು ಇಟ್ಟರೆ ಸಾಕು.

ಬೈಕಿನ ನಿಜವಾದ ಸುಖ ಅಂದರೆ ಗಾಳಿ. ಕಾರಿನಲ್ಲಿ ಎಷ್ಟೋ ಸಲ ದಾಟಿದ್ದ ಒಂದು ಹಳ್ಳವನ್ನು ಬೆಳಗಿನ ಜಾವ ಬೈಕಿನಲ್ಲಿ ದಾಟಿದಾಗ, ಅದರ ಹತ್ತಿರ ಬರುತ್ತಿದ್ದ ಹಾಗೆ ಮೊಣಕಾಲಿನಿಂದ ಶುರುವಾಗಿ ಮೈಯೆಲ್ಲ ತಣ್ಣಗಾಯಿತು. ಆಚೆ ದಡ ಏರಿದ ಕೂಡಲೇ ಮತ್ತೆ ಬೆಚ್ಚಗೆ. ರಾತ್ರಿ ಬೆಟ್ಟದ ಮೈ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗುತ್ತದೆ. ನೀರಿನ ಹಾಗೆಯೇ ಇಳಿಜಾರಿನಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಇದನ್ನು ಓದಿ ತಿಳಿದಿದ್ದೆ, ಮೈಗೆ ತಾಗಿದ್ದು ಅವತ್ತೇ. ಒಟ್ಟಾರೆ ಎತ್ತರ ಏರಿದ ಹಾಗೆ ಪ್ರತಿ 1000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇಳಿಯುತ್ತದೆ. ಬೈಕಿನಲ್ಲಿ ಅದರ ಮೇಲೆ ಎದುರುಗಾಳಿಯ ಚಳಿಯೂ ಸೇರುತ್ತದೆ. ಕೆಳಗೆ ಸೆಕೆ ಇದೆ ಅಂತ ಜಾಕೆಟ್ ಬಿಟ್ಟು ಹೋಗಬಾರದು.

ಆದರೆ ಮಾತು? ಹೆಲ್ಮೆಟ್ಟಿನೊಳಗೆ, ಇಂಜಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಭುಜಕ್ಕೆ ಒಂದು ತಟ್ಟು ಅಂದರೆ ನಿಧಾನ, ಎರಡು ತಟ್ಟು ಅಂದರೆ ನಿಲ್ಲಿಸಿ ಅಂತ ಮಾಡಿಕೊಂಡೆವು. ಅದು ಚೆನ್ನಾಗಿಯೇ ನಡೆಯುತ್ತದೆ. ಹಕ್ಕಿಯ ದನಿ ಮಾತ್ರ ಇಂಜಿನ್ ಆರಿಸಿದ ಮೇಲೇ. ಇನ್ನು ಜಲ್ಲಿ ಚದುರಿದ ತಿರುವುಗಳಲ್ಲಿ, ಹಿಂದೆ ಒಬ್ಬರು ಕೂತಿರುವಾಗ, ಮುಂದಿನ ಬ್ರೇಕ್ ಜಾಸ್ತಿ ಒತ್ತಿದರೆ ಚಕ್ರ ಜಾರುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಿಕೊಳ್ಳಬೇಕು. ತೀರಾ ಕಡಿದಾದ ಕಡೆ ನಾನು ಇಳಿದು ನಡೆಯುತ್ತೇನೆ. ಹಿಂದೆ ಕೂತವರ ಸೊಂಟಕ್ಕೆ ಕಚ್ಚಾ ರಸ್ತೆ ಎಷ್ಟು ಪೆಟ್ಟು ಕೊಡುತ್ತದೆ ಅಂತ ಮುಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಆಗಾಗ ಜಾಗ ಅದಲು ಬದಲು ಮಾಡಿಕೊಳ್ಳುವುದು ಒಳ್ಳೆಯದು. ನಾವು ಮಾಡಿಕೊಂಡ ಮೇಲೆ ಅವರೂ ಕಾಡು ನೋಡಿದರು.

ಸೈಕಲ್ಲಿನ ಬಗ್ಗೆ ನನಗೆ ದೊಡ್ಡ ಆಸೆ ಇತ್ತು. ಸದ್ದಿಲ್ಲ, ಹೊಗೆಯಿಲ್ಲ, ಕಾಲು ಊರಿದರೆ ನಿಂತ ಹಾಗೆ. ಸಮತಟ್ಟಾದ ಕಾಡುರಸ್ತೆಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಪಕ್ಕಪಕ್ಕದಲ್ಲಿ ತುಳಿಯುತ್ತಾ ಮಾತಾಡಿಕೊಂಡು ಹೋಗಬಹುದು. ಆದರೆ ಬೆಟ್ಟ ಅಂದ ಮೇಲೆ ಏರು ಇದ್ದೇ ಇರುತ್ತದಲ್ವಾ? ಶೇಕಡಾ 10ರ ಏರು ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 10 ಮೀಟರ್ ಮೇಲೇರಿರುತ್ತೀರಿ. ಅಂಥದ್ದು 3 ಕಿಲೋಮೀಟರ್ ಇದ್ದರೆ 300 ಮೀಟರ್ ಎತ್ತರ. ಅಲ್ಲಿ ಇಬ್ಬರ ಕಾಲಿನ ಬಲದ ವ್ಯತ್ಯಾಸ ಎದ್ದು ಕಾಣುತ್ತದೆ. ಒಬ್ಬರು ಮುಂದೆ ಹೋಗಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುವಷ್ಟರಲ್ಲಿ ಮುಂದಿನವರು ಸುಧಾರಿಸಿಕೊಂಡು ಹೊರಡೋಕೆ ತಯಾರು. ಇದು ಜೋಡಿಯಾಗಿ ಹೋದ ಹಾಗಲ್ಲ. ಮೋಟಾರ್ ನೆರವಿನ ಸೈಕಲ್ ಈ ಅಂತರವನ್ನು ಚೆನ್ನಾಗಿ ಮುಚ್ಚುತ್ತದೆ. ನಿಧಾನ ಇರುವವರಿಗೆ ಅದು, ಇನ್ನೊಬ್ಬರಿಗೆ ಸಾದಾ ಸೈಕಲ್. ಕಡಿದಾದ ಏರಿನಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ವಾಪಸ್ಸಿನ ಲೆಕ್ಕ ಮೊದಲೇ ಇರಬೇಕು.

ಇನ್ನೊಂದು ಎಚ್ಚರ. ಸೈಕಲ್ ಸದ್ದಿಲ್ಲದೆ ಬೇಗ ಬರುತ್ತದೆ. ತಿರುವಿನಾಚೆ ಇರುವ ಪ್ರಾಣಿಗೆ ನಾವು ಬರುವುದು ತಿಳಿಯುವುದೇ ಇಲ್ಲ. ದೊಡ್ಡ ಪ್ರಾಣಿಗಳಿರುವ ಕಾಡಿನಲ್ಲಿ ಕುರುಡು ತಿರುವಿಗೆ ಮೊದಲು ಬೆಲ್ ಹೊಡೆಯಲೇಬೇಕು. ಎಲ್ಲಾದರೂ ಹಳೆಯ, ಹಳಿ ಕಿತ್ತ ರೈಲುದಾರಿ ಇದ್ದರೆ ಹುಡುಕಿಕೊಂಡು ಹೋಗಿ. ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ಆ ದಾರಿಗಳು ಬೆಟ್ಟದಲ್ಲೂ ಸುತ್ತಿ ಬಳಸಿ ಹದವಾಗಿ ಏರುತ್ತವೆ.

ಈಗ ನಡಿಗೆ. ಎರಡೂ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಇಲ್ಲಿ ಮಾತ್ರ. ನಿಲ್ಲೋಕೆ ಯಾರನ್ನೂ ಕೇಳಬೇಕಾಗಿಲ್ಲ. ಇಬ್ಬರ ಕಣ್ಣೂ ಬಿಡುವಾಗಿರುತ್ತದೆ. ಕಾರಿನಲ್ಲಿ ಹೋಗುವಾಗ ಬರೀ ಬೂದುಬಣ್ಣದ ಬಂಡೆ ಅಂದುಕೊಂಡಿದ್ದ ಜಾಗದಲ್ಲಿ ನಡೆದು ಹೋದಾಗ ಕಲ್ಲುಹೂವು ಕಂಡಿತು. ಕೆಲವು ಹಸಿರು ಹಳದಿ, ಕೆಲವು ಸುಣ್ಣ ಚೆಲ್ಲಿದಂಥ ಬಿಳಿ, ಅಂಚಿನಲ್ಲಿ ಕಪ್ಪು ಗೆರೆ. ಇದು ಗಿಡವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ. ಬಂಡೆಗೆ ಅಂಟಿಕೊಂಡು ಬೆಳೆಯುವ ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂಗೈಯಗಲದ ಒಂದು ಮಚ್ಚೆ ನಮ್ಮಿಬ್ಬರಿಗಿಂತ ಹಿರಿಯದಿರಬಹುದು. "ಬಾರೇ, ಇಲ್ಲಿ ಕೂತು ನೋಡು" ಅಂತ ಬೈಕಿನ ಪರ ಇದ್ದ ನಮ್ಮನೆಯವರೇ ನನ್ನನ್ನು ಕರೆದರು. ಅವತ್ತು ನಾವು ಅಂದುಕೊಂಡಿದ್ದರಲ್ಲಿ ಅರ್ಧ ದೂರವೂ ಹೋಗಲಿಲ್ಲ, ಅದರ ಬಗ್ಗೆ ಯಾವ ಬೇಸರವೂ ಆಗಲಿಲ್ಲ.

ದೂರವೇ ನಡಿಗೆಯ ಮಿತಿ. ಸ್ಕಾಟ್ಲೆಂಡಿನ ಬೆಟ್ಟ ಹತ್ತುಗ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹಾಗಾದರೆ 6 ಕಿಲೋಮೀಟರ್ ದಾರಿಯಲ್ಲಿ 600 ಮೀಟರ್ ಏರಿದ್ದರೆ 2 ಗಂಟೆ 12 ನಿಮಿಷ. ಇದು ಎಲ್ಲೂ ನಿಲ್ಲದೆ, ಗಟ್ಟಿಯಾಗಿ ನಡೆಯುವವರ ಲೆಕ್ಕ. ನಿಂತು ನೋಡುವ ನಮ್ಮಂಥವರು ಧಾರಾಳವಾಗಿ ಸೇರಿಸಿಕೊಳ್ಳಬೇಕು. ಕಣಿವೆಯಲ್ಲಿ ಬೆಳಕು ಬೇಗ ಕಡಿಮೆಯಾಗುತ್ತದೆ ಅನ್ನುವುದೂ ನೆನಪಿರಲಿ. ಪಂಚಾಂಗದ ಸೂರ್ಯಾಸ್ತಕ್ಕೆ ಕಾಯದೆ ಸೂರ್ಯ ಎದುರು ಗುಡ್ಡದ ಹಿಂದೆ ಸರಿದುಬಿಡುತ್ತಾನೆ. ಇಷ್ಟು ಹೊತ್ತಿಗೆ ಎಲ್ಲಿದ್ದರೂ ವಾಪಸ್ ತಿರುಗುವುದು ಅಂತ ಹೊರಡುವಾಗಲೇ ಗೊತ್ತುಮಾಡಿಕೊಳ್ಳುತ್ತೇವೆ.

ಇನ್ನು ಇಳಿಯುವುದು. ಉಸಿರು ಕಟ್ಟುವುದು ಏರಿನಲ್ಲಾದರೂ ಮಂಡಿಗೆ ಪೆಟ್ಟು ಇಳಿಜಾರಿನಲ್ಲಿ. ಒದ್ದೆ ಎಲೆಯ ಮೇಲೆ ಜಾರುವುದೂ ಆಗಲೇ ಜಾಸ್ತಿ. ಹೋದ ದಾರಿಯಲ್ಲೇ ವಾಪಸ್ ಬರುವ ಬೇಸರವೂ ಸೇರಿಕೊಳ್ಳುತ್ತದೆ.

ದಾರಿ ಹುಡುಕುವ ವಿಷಯದಲ್ಲೂ ಸಣ್ಣದೊಂದು ಹೋಲಿಕೆ ಮಾಡಿದೆವು, ಫೋನಿನ ನಕ್ಷೆಗೂ ಕಾಗದದ ನಕ್ಷೆಗೂ. ಫೋನಿನ ಜಿಪಿಎಸ್ಸಿಗೆ ಸಿಗ್ನಲ್ ಬೇಕಾಗಿಲ್ಲ, ಅದು ಉಪಗ್ರಹದಿಂದ ನೇರವಾಗಿ ಜಾಗ ತಿಳಿಯುತ್ತದೆ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು. ತೆರೆದ ಬಯಲಿನಲ್ಲಿ ಸುಮಾರು 5 ಮೀಟರ್ ಆಚೀಚೆ ಸರಿಯಾಗಿ ತೋರಿಸುವ ಫೋನ್, ಕಿರಿದಾದ ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ ಇನ್ನೂ ದೂರ ತಪ್ಪುತ್ತದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜನರೇ ನಡೆದು ಗುರುತಿಸಿದ ಕಾಲುದಾರಿಗಳು ಸಿಗುತ್ತವೆ. ಆದರೆ ಒಂದು ಗೆರೆ ಕಂಡ ಮಾತ್ರಕ್ಕೆ ಅಲ್ಲಿ ಈಗಲೂ ದಾರಿ ಇದೆ ಅಂತಲ್ಲ, ಒಳಗೆ ಹೋಗಲು ಅನುಮತಿ ಇದೆ ಅಂತಲೂ ಅಲ್ಲ. ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು. ಹೊರಡುವ ಮೊದಲು ಯೋಚಿಸೋಕೆ ಕಾಗದವೇ ವಾಸಿ. 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಹದವಾದ ಇಳಿಜಾರು. ಮೇಜಿನ ಮೇಲೆ ಹಾಸಿಕೊಂಡು ಇಬ್ಬರೂ ಒಟ್ಟಿಗೆ ಬಗ್ಗಿ ನೋಡಬಹುದು. ಅಂಗೈಯಗಲದ ಪರದೆಯಲ್ಲಿ ಅದು ಆಗದ ಮಾತು.

ಹಾಗಾದರೆ ಯಾವುದು? ಒಂದನ್ನೇ ಆರಿಸಬೇಕೆಂದರೆ ನನ್ನ ಮತ ನಡಿಗೆಗೇ. ಹಿಂಜರಿಕೆ ಇಲ್ಲದೆ ಹೇಳುತ್ತೇನೆ. ಮಂಡಿನೋವು ಇರುವವರಿಗೆ, ಪುಟ್ಟ ಮಕ್ಕಳಿರುವವರಿಗೆ ಕಾರು ಸರಿ, ಆದರೆ ನಿಲ್ಲಿಸಲು ಅಗಲ ಜಾಗ ಇರುವ ಕಡೆ ಇಳಿದು ಸ್ವಲ್ಪ ದೂರವಾದರೂ ನಡೆಯಿರಿ. ಬೈಕು ದೂರದ ಕಣಿವೆಗಳಿಗೆ. ಸಾದಾ ಸೈಕಲ್ಲನ್ನು ಏರುದಾರಿಗೆ ನಾನು ಯಾವ ಜೋಡಿಗೂ ಹೇಳುವುದಿಲ್ಲ.

ಆದರೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಎರಡನ್ನು ಕೂಡಿಸಿದ್ದು. ಕಾರಿನಲ್ಲಿ ಎರಡೂ ಸೈಕಲ್ ಹಾಕಿಕೊಂಡು ಮೇಲಿನ ರಸ್ತೆಗೆ ಹೋಗುತ್ತೇವೆ. ಕಾಲುದಾರಿ ಬಂದು ರಸ್ತೆಗೆ ಕೂಡುವ ಕಡೆ ಅವನ್ನು ಮರಕ್ಕೆ ಬೀಗ ಹಾಕಿ ಬಿಡುತ್ತೇವೆ. ಬಿಡುವ ಮೊದಲು ಎರಡರ ಬ್ರೇಕೂ ಒತ್ತಿ ನೋಡುತ್ತೇವೆ. ಕಾರನ್ನು ಕೆಳಕ್ಕೆ ತಂದು ಬುಡದಲ್ಲಿ ನಿಲ್ಲಿಸಿ, ಅಲ್ಲಿಂದ ಕಾಡಿನೊಳಗೆ ನಡೆದು ಹತ್ತುತ್ತೇವೆ. ಎಲ್ಲಿ ಬೇಕೋ ಅಲ್ಲಿ ನಿಂತು, ಕೂತು, ಮಾತಾಡಿ. ಮೇಲೆ ತಲುಪಿದ ಮೇಲೆ ಮಂಡಿಗೆ ಕೆಲಸವಿಲ್ಲ. ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹತ್ತಿ ರಸ್ತೆಯಲ್ಲಿ ಇಳಿಯುವುದು, ಅಷ್ಟೇ. ತುಳಿಯುವ ಶ್ರಮ ಇಲ್ಲ, ಹಿಂದೆ ಮುಂದೆ ಆಗುವ ತಾಪತ್ರಯ ಇಲ್ಲ, ಹೋದ ದಾರಿಯಲ್ಲೇ ಬಂದ ಬೇಸರವೂ ಇಲ್ಲ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇರದೆ, ಬಿಟ್ಟು ಬಿಟ್ಟು ಒತ್ತಬೇಕು, ಬೆರಳು ಜೋಮು ಹಿಡಿದರೆ ನಿಂತು ಕೈ ಕೊಡವಬೇಕು. ಈ ಉಪಾಯಕ್ಕೆ ಬೇಕಾದ್ದು ಬುಡದಲ್ಲೂ ತುದಿಯಲ್ಲೂ ರಸ್ತೆಗೆ ಸೇರುವ ಕಾಲುದಾರಿ. ಎಲ್ಲಾ ಗುಡ್ಡಕ್ಕೂ ಅದು ಇರುವುದಿಲ್ಲ. ನಮ್ಮ ಸುತ್ತಲಿನ ಗುಡ್ಡಗಳಲ್ಲಿ ಅಂಥ ಇನ್ನಷ್ಟು ದಾರಿಗಳನ್ನು ಈಗ ಇಬ್ಬರೂ ನಕ್ಷೆಯಲ್ಲಿ ಹುಡುಕುತ್ತಿದ್ದೇವೆ.