ಏಳನೇ ಕ್ಲಾಸಿನವರಿಗೆ ಸಂಡೇ ಸ್ಕೂಲ್: ಬಾಯಿಪಾಠವೋ, ಜಗಳವೋ?

ಧಾರವಾಡದ ಕಡೆ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಪಾದ್ರಿಗಳ ಕಾಲದ ಕ್ರೈಸ್ತ ಸಭೆ (ಚರ್ಚ್) ನಮ್ಮದು. ಆರರಿಂದ ಎಂಟನೇ ಕ್ಲಾಸಿನ ಮಕ್ಕಳ ಸಂಡೇ ಸ್ಕೂಲ್ ನನ್ನ ಪಾಲಿಗೆ ಬಂದು ನಾಲ್ಕು ವರ್ಷ ಆಯಿತು. 14 ಮಕ್ಕಳು, 45 ನಿಮಿಷ. ಚಿಕ್ಕವರಿಗಾದರೆ ನೋಹನ ನಾವೆಗೆ ಬಣ್ಣ ಹಚ್ಚೋಕೆ ಕೊಟ್ಟರೆ ಸಾಕು. ಇವರು ಬಣ್ಣ ನೋಡಿದರೆ ನಗುತ್ತಾರೆ.

ಮೊದಲ ವರ್ಷ ನಾನು ಕಲಿತ ರೀತಿಯಲ್ಲೇ ಕಲಿಸಿದೆ: ವಾರಕ್ಕೊಂದು ಬಂಗಾರ ವಚನ, ಅಂದರೆ ಬೈಬಲ್ಲಿನ ಒಂದು ವಾಕ್ಯ, ಬಾಯಿಪಾಠ, ಸರಿ ಹೇಳಿದವರಿಗೆ ಸ್ಟಿಕ್ಕರ್. ಕೀರ್ತನೆ 23ರ ಆರೂ ವಚನ ಎರಡು ತಿಂಗಳಲ್ಲಿ ಎಲ್ಲರಿಗೂ ಬಂತು. ಆಮೇಲೆ ಒಬ್ಬ ಕೇಳಿದ, "ಸರ್, ಕುರುಬ ಇದ್ರೂ ಕೊರತೆ ಯಾಕ ಪಡೀತಾನ್ರೀ?" 'ಯೆಹೋವನು ನನಗೆ ಕುರುಬನು; ಕೊರತೆಪಡೆನು' ಅಂತ ಅದರ ಮೊದಲ ಸಾಲು. 'ಕೊರತೆಪಡೆನು' ಅಂದರೆ ಕೊರತೆ ಪಡುವುದಿಲ್ಲ ಅಂತ; ಅವನು 'ಕೊರತೆ ಪಡೆದೆನು' ಅಂತ ತಿಳಿದಿದ್ದ! ಎರಡು ತಿಂಗಳು ಪೂರ್ತಿ ಉಲ್ಟಾ ಅರ್ಥ ಇಟ್ಟುಕೊಂಡೇ ಸ್ಟಿಕ್ಕರ್ ಗೆದ್ದಿದ್ದ. 1529ರಲ್ಲಿ ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ನಂಬಿಕೆ ಕಲಿಸಲು ಬರೆದ 'ಚಿಕ್ಕ ಪ್ರಶ್ನೋತ್ತರ' ಪುಸ್ತಕದಲ್ಲಿ 'ಇದರ ಅರ್ಥವೇನು?' ಅನ್ನೋ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾವು ಆ ಪ್ರಶ್ನೆಯನ್ನೂ ಬಾಯಿಪಾಠ ಮಾಡಿಸಿಬಿಡುತ್ತೇವೆ, ಅಲ್ವಾ?

ನಡುವೆ ಪ್ರಾಜೆಕ್ಟರ್ ಇಟ್ಟು ಕಾರ್ಟೂನ್ ತೋರಿಸಿದ್ದೂ ಉಂಟು. ಮಕ್ಕಳು ಸುಮ್ನೆ ಕೂತರು. ಅಷ್ಟೇ.

ಎರಡನೇ ವರ್ಷ ದಾರಿ ಬದಲಿಸಿದೆ. ಮತ್ತಾಯ 20, ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ (ಯೇಸು ಹೇಳಿದ ನೀತಿಕಥೆ). ಕಥೆ ಮೊದಲೇ ಹೇಳಲಿಲ್ಲ. ಆರಾಧನೆ ಮುಗಿದ ಮೇಲೆ ಹಾಲಿನ ಕುರ್ಚಿ ಎತ್ತಿಡಲು ನಾಲ್ವರನ್ನು ಕರೆದೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೂ ಮೂವರನ್ನು. ಕೊನೆಗೆ ಹತ್ತು ಕುರ್ಚಿ ಉಳಿದಾಗ ಇಬ್ಬರನ್ನು. ಎಲ್ಲರಿಗೂ ಒಂದೊಂದೇ ಶೇಂಗಾ ಚಿಕ್ಕಿ. "ಇದು ಮೋಸ ಸರ್!" ಮೊದಲಿಂದ ದುಡಿದ ಹುಡುಗಿಯೊಬ್ಬಳು ತನ್ನ ಚಿಕ್ಕಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿ ಕೂತಳು.

ಆಮೇಲೆ ಸಾಮ್ಯ ಓದಿದೆವು: ಬೆಳಗಿನಿಂದ ದುಡಿದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. 20 ನಿಮಿಷ ಬರೀ ಜಗಳ. ತಡವಾಗಿ ಬಂದವರು ಸೋಮಾರಿಗಳು, ಯಜಮಾನನಿಗೆ ಲೆಕ್ಕ ಬರೋದಿಲ್ಲ, ಹೀಗೆ. ದೇವರ ಕೃಪೆ ಅಂತ ನಾನು ತಯಾರು ಮಾಡಿಕೊಂಡಿದ್ದ ಉತ್ತರ ಹೇಳಬೇಕು ಅನ್ನುವಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗ ಬಾಯಿ ಬಿಟ್ಟ. ಅವನ ಅಪ್ಪ ಗಾರೆ ಕೆಲಸದವರು. "ಸೋಮಾರಿ ಅಲ್ರೀ. ಯಾರೂ ಕರೀಲಿಲ್ಲ ಅಂತ ಬರ್ದೈತಲ್ರೀ. ನಮ್ಮಪ್ಪ ಮುಂಜಾನೆ ಸರ್ಕಲ್‌ನಾಗ ನಿಂದರ್ತಾನ. ಹತ್ತು ಗಂಟೆ ಆದ್ರೂ ಯಾರೂ ಕರೀಲಿಲ್ಲ ಅಂದ್ರ ಮನೀಗ ಬರ್ತಾನ. ಅವತ್ತು ಅವ್ವ ಏನೂ ಕೇಳಂಗಿಲ್ಲ."

ಏಳನೇ ವಚನದಲ್ಲಿ ಆ ಮಾತು ಇದ್ದೇ ಇದೆ. ಇಷ್ಟು ವರ್ಷ ಓದಿದ್ದರೂ ನಾನು ಅಲ್ಲಿ ನಿಂತಿರಲಿಲ್ಲ. ಚಿಕ್ಕಿ ಬಿಟ್ಟು ಹೋದ ಹುಡುಗಿ ಏನೂ ಹೇಳಲಿಲ್ಲ. ಮನೆಗೆ ಹೋಗುವಾಗ ಮಾತ್ರ ಚಿಕ್ಕಿ ಎತ್ತಿಕೊಂಡಳು.

ಜಗಳದ ಪಾಠಕ್ಕೆ ಖರ್ಚೂ ಜಾಸ್ತಿ. ಗದ್ದಲ ಆರಾಧನೆಯ ಹಾಲಿಗೆ ಕೇಳಿಸುತ್ತದೆ. ಒಂದು ಸಾಮ್ಯಕ್ಕೆ ಎರಡು ಭಾನುವಾರ ಬೇಕು. ಆ ವರ್ಷ ವಚನ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ಕೊನೆಗೆ ಬಂದರು. ತಂದೆತಾಯಿಗಳಿಂದ ನನಗೆ ಚೆನ್ನಾಗಿಯೇ ಬೈಗುಳ ಬಿತ್ತು.

ಹಾಗಾದರೆ ಬಾಯಿಪಾಠ ದಂಡ ಅಂತ ಬರೆದು ಮುಗಿಸುತ್ತಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ಅದೇ ಚಿಕ್ಕಿ ಹುಡುಗಿ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಳು. ಎಲುಬು ಕೂಡಿಸುವಾಗ ಕಣ್ಣು ಮುಚ್ಚಿ ಕೀರ್ತನೆ 23 ಹೇಳುತ್ತಿದ್ದಳಂತೆ, ಒಂದು ಸಾಲು ಹಿಂದುಮುಂದಾಗಿ. ಅಲ್ಲಿ ಸಾಮ್ಯ ಚರ್ಚೆ ಮಾಡೋಕೆ ಆಗುತ್ತಿತ್ತೇ?

ಈಗ ಮೊದಲ 10 ನಿಮಿಷ ವಚನ, ಕಷ್ಟದ ಪದ ಬಿಡಿಸಿ. ಉಳಿದದ್ದೆಲ್ಲ ಜಗಳ. ಆಯ್ಕೆ ಮಾಡಲೇಬೇಕು ಅಂದರೆ ನನ್ನ ಓಟು ಜಗಳಕ್ಕೇ. ಬರುವ ಭಾನುವಾರ ಲೂಕ 15ರ ತಪ್ಪಿಹೋದ ಮಗ: ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನಿಗೆ ಅಪ್ಪ ಔತಣ ಮಾಡಿಸುತ್ತಾನೆ, ದೊಡ್ಡವನಿಗೆ ಸಿಟ್ಟು. ಮನೆಯಲ್ಲೇ ಉಳಿದ ದೊಡ್ಡ ಮಗನ ಪರವಾಗಿ ಯಾರು ಮಾತಾಡುತ್ತೀರಿ ಅಂತ ಕೇಳಿದ್ದಕ್ಕೆ ಆಗಲೇ ಆರು ಕೈ ಎದ್ದಿವೆ. ಅದರಲ್ಲಿ ಒಬ್ಬನ ತಮ್ಮ ಪಕ್ಕದಲ್ಲೇ ಕೂತಿದ್ದ.