‘ಮೈಸೆಲ್ಫ್’ ಎಲ್ಲಿ ಬೇಕು, ಎಲ್ಲಿ ಬೇಡ: ಒಂದು ಆನ್‌ಲೈನ್ ವ್ಯಾಕರಣ ಪಾಠ ಮುಗಿಸಿದ ಮೇಲೆ

ಮೂರು ವಾರ, ದಿನಾ ರಾತ್ರಿ ಅರ್ಧ ಗಂಟೆ ಕೂತು ಒಂದು ಆನ್‌ಲೈನ್ ಇಂಗ್ಲಿಷ್ ವ್ಯಾಕರಣ ಕೋರ್ಸಿನಲ್ಲಿ ‘ರಿಫ್ಲೆಕ್ಸಿವ್ ಪ್ರೊನೌನ್’ ಭಾಗ ಮುಗಿಸಿದೆ. 7 ವಿಡಿಯೊ, 60 ಅಭ್ಯಾಸದ ವಾಕ್ಯ, ಕೊನೆಗೊಂದು ಪರೀಕ್ಷೆ. ಶಾಲೆಯಲ್ಲಿ ನಾವು ಆತ್ಮಾರ್ಥಕ ಸರ್ವನಾಮ ಅಂತ ಓದಿದ್ದೆವಲ್ಲ, ತಾನು, ತಾವು, ಅದರ ಇಂಗ್ಲಿಷ್ ಬಳಗ ಇದು.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೆಲಸದಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೇಲ್ ಇಂಗ್ಲಿಷಿನಲ್ಲೇ ಬರೆಯಬೇಕು. ‘ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್’ ಅಂತ ವರ್ಷಗಟ್ಟಲೆ ಬರೆದಿದ್ದೇನೆ. ‘ಮಿ’ ಅನ್ನುವುದಕ್ಕಿಂತ ‘ಮೈಸೆಲ್ಫ್’ ಮರ್ಯಾದೆಯ ಪದ ಅಂತಲೇ ತಿಳಿದಿದ್ದೆ. ಈಗ ಯೋಚಿಸಿದರೆ ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ ಅನ್ನಿಸುತ್ತದೆ. ‘ನೀವು’ಗಿಂತ ‘ತಾವು’ ಹೆಚ್ಚು ಗೌರವದ್ದಲ್ವಾ? ಆ ‘ತಾವು’ ಕೂಡ ಆತ್ಮಾರ್ಥಕ ಸರ್ವನಾಮವೇ. ಕನ್ನಡದಲ್ಲಿ ಆ ಪದಕ್ಕೆ ಗೌರವದ ಕೆಲಸವೂ ಇದೆ. ಇಂಗ್ಲಿಷಿನ ‘ಸೆಲ್ಫ್’ಗೆ ಆ ಕೆಲಸ ಇಲ್ಲ. ಆ ವಾಕ್ಯದಲ್ಲಿ ‘ಮಿ’ ಅಂದರೆ ಸಾಕು, ಅದರಲ್ಲಿ ಒರಟುತನ ಏನೂ ಇಲ್ಲ. ಇದೊಂದು ಮಾತು ಮನಸ್ಸಿಗೆ ಹೋಗಿದ್ದಕ್ಕೇ ಕೋರ್ಸಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಮೊದಲ ವಿಡಿಯೊ ಬರೀ ಪಟ್ಟಿ. ಮೈಸೆಲ್ಫ್, ಯುವರ್‌ಸೆಲ್ಫ್, ಹಿಮ್‌ಸೆಲ್ಫ್, ಹರ್‌ಸೆಲ್ಫ್, ಇಟ್‌ಸೆಲ್ಫ್. ಬಹುವಚನಕ್ಕೆ ಅವರ್‌ಸೆಲ್ವ್ಸ್, ಯುವರ್‌ಸೆಲ್ವ್ಸ್, ದೆಮ್‌ಸೆಲ್ವ್ಸ್. ಯಾರಿಗಾದರೂ ಅನ್ವಯಿಸುವ ಮಾತಿಗೆ ವನ್‌ಸೆಲ್ಫ್. ‘ಹಿಸ್‌ಸೆಲ್ಫ್’ ಮತ್ತು ‘ದೇರ್‌ಸೆಲ್ವ್ಸ್’ ತಪ್ಪು. ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ‘ಯು’ ಬಗ್ಗೆ ಟೀಚರ್ ಹೇಳಿದ್ದು ಚೆನ್ನಾಗಿತ್ತು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ‘ಯು’ ಒಂದೇ. ಆದರೆ ‘ಸೆಲ್ಫ್’ ಸೇರಿದ ಕೂಡಲೇ ಒಬ್ಬರೋ, ಹಲವರೋ ಅಂತ ಹೇಳಲೇಬೇಕು. ನಮಗೆ ಇಲ್ಲೊಂದು ಗುಂಡಿ ಇದೆ. ಹಿರಿಯರೊಬ್ಬರಿಗೆ ಬರೆಯುವಾಗ ಮನಸ್ಸಿನಲ್ಲಿ ‘ನೀವು’ ಇರುತ್ತದೆ, ಕೈ ತಾನಾಗಿ ‘ಯುವರ್‌ಸೆಲ್ವ್ಸ್’ ಬರೆಯುತ್ತದೆ. ಎದುರಿಗೆ ಇರುವವರು ಒಬ್ಬರೇ ಆದರೆ ಅವರು ಎಷ್ಟೇ ದೊಡ್ಡವರಾಗಿರಲಿ, ‘ಯುವರ್‌ಸೆಲ್ಫ್’. ಇದನ್ನು ವಿಡಿಯೊದಲ್ಲಿ ಹೇಳಿಲ್ಲ, ನಾನು ಅಭ್ಯಾಸದಲ್ಲಿ ಎರಡು ಸಲ ತಪ್ಪಿದ ಮೇಲೆ ಹೊಳೆದದ್ದು.

ಎರಡನೇ ವಿಡಿಯೊದಲ್ಲಿ ಎರಡು ಚಿತ್ರ ಇವೆ. ಒಂದರಲ್ಲಿ ಹುಡುಗಿ ಕಿಟಕಿಯಾಚೆ ನಿಂತ ಇನ್ನೊಬ್ಬ ಹುಡುಗಿಯನ್ನು ನೋಡುತ್ತಿದ್ದಾಳೆ: ‘ಶಿ ಸಾ ಹರ್’. ಇನ್ನೊಂದರಲ್ಲಿ ಕನ್ನಡಿ ಮುಂದೆ ನಿಂತಿದ್ದಾಳೆ: ‘ಶಿ ಸಾ ಹರ್‌ಸೆಲ್ಫ್’. ಮಾಡುವವಳೂ ಅವಳೇ, ಆ ಕೆಲಸ ತಟ್ಟುವುದೂ ಅವಳಿಗೇ. ಒಂದೇ ಒಂದು ಪದ ಬದಲಾದರೆ ಇಡೀ ಚಿತ್ರ ಬದಲಾಗುತ್ತದೆ. ಇಷ್ಟು ಸರಳವಾಗಿ ಯಾರೂ ನನಗೆ ತೋರಿಸಿರಲಿಲ್ಲ. ‘ಮೈಸೆಲ್ಫ್’ ಅನ್ನುವಾಗ ಒತ್ತು ‘ಸೆಲ್ಫ್’ ಮೇಲೆ ಬೀಳಬೇಕು ಅಂತಲೂ ಇಲ್ಲೇ ಹೇಳಿಸಿ ಹೇಳಿಸಿ ರೂಢಿ ಮಾಡಿಸುತ್ತಾರೆ.

ನಾಲ್ಕನೇ ವಿಡಿಯೊ ಈ ಕೋರ್ಸಿನ ಜೀವಾಳ. ಅದನ್ನು ನಾಲ್ಕು ಸಲ ನೋಡಿದ್ದೇನೆ. ‘ಸೆಲ್ಫ್’ ಪದ ತನ್ನ ಒಡೆಯನನ್ನು ಅದೇ ಉಪವಾಕ್ಯದೊಳಗೆ ಹುಡುಕಬೇಕು, ಹೊರಗೆ ಹೋಗುವಂತಿಲ್ಲ. ಭಾಷಾ ವಿಜ್ಞಾನಿ ನೋಮ್ ಚಾಮ್‌ಸ್ಕಿ 1981ರಲ್ಲಿ ಇದನ್ನು ಒಂದು ನಿಯಮವಾಗಿ ಕಟ್ಟಿಕೊಟ್ಟರು ಅಂತ ಟೀಚರ್ ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ. ಉದಾಹರಣೆ ಇದು: ‘ಟಾಮ್ ಸೆಡ್ ದಟ್ ಪೀಟರ್ ಹಿಟ್ ಹಿಮ್‌ಸೆಲ್ಫ್’. ಏಟು ಬಿದ್ದದ್ದು ಯಾರಿಗೆ? ಪೀಟರ್‌ಗೆ ಮಾತ್ರ. ಟಾಮ್‌ಗೆ ಬಿದ್ದಿದ್ದರೆ ‘ಹಿಮ್’ ಅನ್ನಬೇಕು.

ನಾನು ಅಲ್ಲೇ ವಿಡಿಯೊ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ನೋಡಿದೆ. ‘ಪೀಟರ್ ತನ್ನನ್ನು ಹೊಡೆದ ಅಂತ ಟಾಮ್ ಹೇಳಿದ.’ ಇಲ್ಲಿ ‘ತನ್ನನ್ನು’ ಅಂದರೆ ಟಾಮ್! ನಮ್ಮ ‘ತಾನು’ ಬೇಲಿ ದಾಟಿ ಹೊರಗಿನ ವಾಕ್ಯದ ಟಾಮ್ ಹತ್ತಿರ ಹೋಗಿ ನಿಲ್ಲುತ್ತದೆ. ಪೀಟರ್‌ಗೇ ಏಟು ಬೀಳಬೇಕಾದರೆ ‘ತನ್ನನ್ನು ತಾನೇ ಹೊಡೆದುಕೊಂಡ’ ಅನ್ನಬೇಕು. ಇಂಗ್ಲಿಷಿನ ‘ಹಿಮ್‌ಸೆಲ್ಫ್’ ಬೇಲಿಯೊಳಗೇ ಇರುತ್ತದೆ, ನಮ್ಮ ‘ತಾನು’ ದಾಟುತ್ತದೆ. ‘ತಾನು ಬರುತ್ತೇನೆ ಅಂತ ರವಿ ಹೇಳಿದ’ ಅನ್ನುವುದನ್ನು ಇಂಗ್ಲಿಷಿಗೆ ತರುವಾಗ ‘ಹಿಮ್‌ಸೆಲ್ಫ್ ವುಡ್ ಕಮ್’ ಅಂತ ಬರೆಯುವವರನ್ನು ನೋಡಿದ್ದೇನೆ, ನಾನೂ ಬರೆದಿದ್ದೇನೆ. ಅಲ್ಲಿ ಸುಮ್ನೆ ‘ಹಿ’ ಸಾಕು. ಆ ರಾತ್ರಿ ಆ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಇಷ್ಟು ವರ್ಷ ತಪ್ಪಾಗುತ್ತಿದ್ದದ್ದು ಇಂಗ್ಲಿಷ್ ಬಾರದೆ ಅಲ್ಲ, ಕನ್ನಡ ಚೆನ್ನಾಗಿ ಬಂದದ್ದರಿಂದ.

ಕೋರ್ಸಿನ ದೊಡ್ಡ ಕೊರತೆಯೂ ಇಲ್ಲೇ. ಕಲಿಯುವವರ ಮನೆಮಾತು ಏನು ಮಾಡುತ್ತದೆ ಅಂತ ಅದು ಕೇಳುವುದೇ ಇಲ್ಲ. ನಮಗೆ ‘ಕೊಳ್ಳು’ ಇದೆ. ಕುಳಿತುಕೊಂಡ, ಮಲಗಿಕೊಂಡ, ನೆನಪಿಸಿಕೊಂಡ, ಬರೆದುಕೊಂಡ. ಎಲ್ಲದರ ಬಾಲದಲ್ಲೂ ಅದೇ. ಹಾಗಂತ ಪ್ರತಿ ‘ಕೊಂಡ’ಕ್ಕೂ ಒಂದು ‘ಹಿಮ್‌ಸೆಲ್ಫ್’ ಹಚ್ಚಿದರೆ ವಾಕ್ಯ ಕೆಡುತ್ತದೆ. ನೆನಪಿಸಿಕೊಂಡ ಅಂದರೆ ಬರೀ ‘ರಿಮೆಂಬರ್ಡ್’. ಗಡ್ಡ ಬೋಳಿಸಿಕೊಂಡ ಅಂದರೆ ‘ಶೇವ್ಡ್’. ಬಟ್ಟೆ ಹಾಕಿಕೊಂಡಳು ಅಂದರೆ ‘ಗಾಟ್ ಡ್ರೆಸ್ಡ್’. ಪುಟ್ಟ ಮಗು ಈಗ ತಾನೇ ಬಟ್ಟೆ ಹಾಕಿಕೊಳ್ಳುವಷ್ಟು ಬೆಳೆದಿದೆ ಅನ್ನುವಾಗ ಮಾತ್ರ ‘ಕ್ಯಾನ್ ಡ್ರೆಸ್ ಹರ್‌ಸೆಲ್ಫ್’, ಯಾಕೆಂದರೆ ಅಲ್ಲಿ ಆ ಶ್ರಮವೇ ಸುದ್ದಿ. ಕೈ ಕುಯ್ದುಕೊಂಡೆ ಅನ್ನುವುದಕ್ಕೆ ‘ಐ ಕಟ್ ಮೈ ಹ್ಯಾಂಡ್’ ಸಾಕು. ಐದನೇ ವಿಡಿಯೊದಲ್ಲಿ ಇಂಥ ಕ್ರಿಯಾಪದಗಳ ಪಟ್ಟಿ ಇದೆ. ‘ಕೊಳ್ಳು’ವಿನ ಮಾತು ನಾನೇ ಸೇರಿಸಿಕೊಂಡದ್ದು.

ಇದರ ತಿರುವುಮುರುವು ‘ಎಂಜಾಯ್’. ಕನ್ನಡದಲ್ಲಿ ಎಂಜಾಯ್ ಮಾಡಿದೆ ಅಂದರೆ ಮಾತು ಮುಗಿಯಿತು. ಅದನ್ನೇ ನಂಬಿ ‘ಐ ಎಂಜಾಯ್ಡ್ ಎ ಲಾಟ್’ ಅನ್ನುತ್ತೇವೆ. ಆ ಕ್ರಿಯಾಪದಕ್ಕೆ ಕರ್ಮ ಬೇಕು. ಏನನ್ನು ಅಂತ ಹೇಳಬೇಕು, ಇಲ್ಲವಾದರೆ ‘ಎಂಜಾಯ್ಡ್ ಮೈಸೆಲ್ಫ್’ ಅನ್ನಬೇಕು. ನಮಗೆ ‘ಸೆಲ್ಫ್’ ಬೇಡವೇ ಬೇಡ ಅನ್ನಿಸುವ ಜಾಗದಲ್ಲಿ ಅವರಿಗೆ ಅದು ಬೇಕೇ ಬೇಕು.

ಆರನೇ ವಿಡಿಯೊ ಒತ್ತಿ ಹೇಳುವ ‘ಸೆಲ್ಫ್’ ಬಗ್ಗೆ. ‘ಐ ಸಾ ಇಟ್ ಮೈಸೆಲ್ಫ್.’ ನಾನೇ ನೋಡಿದೆ. ನಮ್ಮ ಒಂದು ‘ಏ’ ಮಾಡುವ ಕೆಲಸಕ್ಕೆ ಅವರಿಗೆ ಇಡೀ ಪದ ಬೇಕು. ಟೀಚರ್ ಕೊಟ್ಟ ಪರೀಕ್ಷೆ ತುಂಬ ಉಪಯೋಗದ್ದು: ‘ಸೆಲ್ಫ್’ ಪದ ತೆಗೆದು ನೋಡಿ. ವಾಕ್ಯ ನಿಂತರೆ ಅದು ಒತ್ತಿಗೆ ಬಂದದ್ದು, ಕುಸಿದರೆ ನಿಜವಾದ ಆತ್ಮಾರ್ಥಕ. ಹಳೆಯ ಇಂಗ್ಲಿಷಿನಲ್ಲಿ ‘ಸೆಲ್ಫ್’ ಇದ್ದದ್ದೇ ಒತ್ತಿ ಹೇಳುವುದಕ್ಕೆ, ತನ್ನನ್ನು ಅನ್ನುವುದಕ್ಕೆ ಸಾದಾ ‘ಹಿಮ್’ ನಡೆಯುತ್ತಿತ್ತಂತೆ. ಇದನ್ನು ಕೇಳಿ ನನಗೆ ಖುಷಿಯಾಯಿತು. ‘ಬೈ ಮೈಸೆಲ್ಫ್’ ಕೂಡ ಇಲ್ಲೇ ಬರುತ್ತದೆ. ಒಬ್ಬಳೇ ಅಂತಲೂ ಆಗುತ್ತದೆ, ಯಾರ ನೆರವೂ ಇಲ್ಲದೆ ಅಂತಲೂ ಆಗುತ್ತದೆ. ಏಳನೆಯದು ‘ದೆಮ್‌ಸೆಲ್ವ್ಸ್’ ಮತ್ತು ‘ಈಚ್ ಅದರ್’ ನಡುವಿನ ಫರಕು. ಚಿಕ್ಕದು, ಸಾಕಷ್ಟು ಸ್ಪಷ್ಟ.

ಅಭ್ಯಾಸದ ಭಾಗ ಇಷ್ಟು ಚೆನ್ನಾಗಿಲ್ಲ. 37ನೇ ವಾಕ್ಯ: ‘ಶಿ ಪುಟ್ ದ ಬ್ಯಾಗ್ ಬಿಸೈಡ್’, ಮುಂದೆ ಖಾಲಿ ಜಾಗ. ಇಟ್ಟವಳೂ ಅವಳೇ, ಪಕ್ಕವೂ ಅವಳದೇ. ಕಲಿತದ್ದನ್ನೆಲ್ಲ ನೆನೆದು ‘ಹರ್‌ಸೆಲ್ಫ್’ ಅಂತ ಒತ್ತಿದೆ. ಕೆಂಪು ಗುರುತು ಬಂತು. ಸರಿ ಉತ್ತರ ‘ಹರ್’. ಯಾಕೆ? ಒಂದು ಅಕ್ಷರ ವಿವರಣೆ ಇಲ್ಲ. ವಿಡಿಯೊಗಳಲ್ಲೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ಬೇರೆ ವ್ಯಾಕರಣ ಪುಸ್ತಕ ತಿರುವಿ ಹಾಕಿದ ಮೇಲೆ ತಿಳಿಯಿತು. ಪಕ್ಕ, ಹಿಂದೆ, ಮುಂದೆ ಅಂತ ಬರೀ ಜಾಗ ಹೇಳುವಾಗ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸಾದಾ ಸರ್ವನಾಮ ಸಾಕು. ‘ಹಿ ಲುಕ್ಡ್ ಬಿಹೈಂಡ್ ಹಿಮ್’ ಅನ್ನುತ್ತಾರೆ. ‘ಶಿ ವಾಸ್ ಬಿಸೈಡ್ ಹರ್‌ಸೆಲ್ಫ್’ ಅಂದರೆ ಬೇರೆಯೇ ಅರ್ಥ: ದುಃಖಕ್ಕೋ ಸಿಟ್ಟಿಗೋ ಅವಳ ಮನಸ್ಸು ಅವಳ ಹಿಡಿತದಲ್ಲೇ ಇರಲಿಲ್ಲ ಅಂತ. ಇಷ್ಟು ಚೆಂದದ ವಿಷಯವನ್ನು ಒಂದು ಕೆಂಪು ಗುರುತಿನ ಹಿಂದೆ ಬಚ್ಚಿಟ್ಟರೆ ಕಲಿಯುವವರಿಗೆ ಅನ್ಯಾಯ ಅಲ್ವಾ? ನಿಯಮ ಅರ್ಥವಾದವರೇ ಆ ಪ್ರಶ್ನೆಯಲ್ಲಿ ಎಡವುತ್ತಾರೆ. ಅವರಿಗೇ ಕಾರಣ ಹೇಳದಿದ್ದರೆ ಇನ್ಯಾರಿಗೆ ಹೇಳುವುದು?

ಪಟ್ಟಿ ಗೊತ್ತಿದ್ದು ಬರೆಯುವಾಗ ಅನುಮಾನ ಪಡುವವರು ಈ ಕೋರ್ಸನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಎರಡು, ನಾಲ್ಕು, ಆರು, ಈ ಮೂರು ವಿಡಿಯೊಗಳಿಗೇ ಇದು ಬೆಲೆ ಬಾಳುತ್ತದೆ. ಇಂಗ್ಲಿಷ್ ಈಗಷ್ಟೇ ಶುರು ಮಾಡಿದವರಿಗೆ ಇಷ್ಟು ಬೇಗ ಬೇಡ, ಟೀಚರ್ ಮಾತಿನ ವೇಗ ಜಾಸ್ತಿ. ಯಾರೇ ತೆಗೆದುಕೊಂಡರೂ ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಪ್ರತಿ ಉದಾಹರಣೆಯನ್ನೂ ಕನ್ನಡದಲ್ಲಿ ಬರೆದು ನೋಡಿ, ‘ತಾನು’ ಎಲ್ಲಿಗೆ ಹೋಗಿ ನಿಂತಿತು, ‘ಕೊಂಡ’ ಎಲ್ಲಿ ಬಂತು ಅಂತ ಗುರುತು ಹಾಕಿ. ನನ್ನ ನೋಟ್‌ಬುಕ್ಕಿನಲ್ಲಿ 14 ಪುಟ ತುಂಬಿವೆ.

ತಪ್ಪಾದ ಪ್ರತಿ ಉತ್ತರದ ಕೆಳಗೆ ಒಂದೆರಡು ಸಾಲು ಕಾರಣ ಹಾಕಿ ಅಂತ ಕೋರ್ಸ್ ನಡೆಸುವವರಿಗೆ ಬರೆದಿದ್ದೇನೆ. 37ನೇ ವಾಕ್ಯವನ್ನೇ ಉದಾಹರಣೆಗೆ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.