2012ರ ಮ್ಯಾಕ್‌ಬುಕ್‌ನಲ್ಲಿ ಸೊನೋಮಾ: ಓಪನ್‌ಕೋರ್ ಲೆಗಸಿ ಪ್ಯಾಚರ್ ಎರಡೂವರೆ ವರ್ಷ ಬಳಸಿದ ಮೇಲೆ

ಆ್ಯಪಲ್ ಕೈಬಿಟ್ಟ ಹಳೇ ಮ್ಯಾಕ್‌ಗಳಿಗೆ ಹೊಸ ಓಎಸ್, ಅಂದರೆ ಮೆಷಿನ್ ಓಡಿಸುವ ಮೂಲ ಸಾಫ್ಟ್‌ವೇರ್, ಹಾಕಿಸುವ ಪುಕ್ಕಟೆ ಆ್ಯಪ್ ಈ ಪ್ಯಾಚರ್; ಸೊನೋಮಾ ಅಂಥ ಒಂದು ಹೊಸ ಓಎಸ್. ಮೊದಲೇ ಹೇಳಿಬಿಡುತ್ತೇನೆ. ನಿಮ್ಮದೇ ಮೆಷಿನ್ ಆದರೆ ಧೈರ್ಯವಾಗಿ ಹಾಕಿ. ಅಕ್ಕನದ್ದು, ಭಾವನದ್ದು, ಪಕ್ಕದ ಮನೆಯವರದ್ದು ಆದರೆ ಕೈ ಹಾಕಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ, ಸ್ವಲ್ಪ ಉದ್ದ ಆಗಿದೆ.

ನನ್ನದು 2012ರ ಮಾಡೆಲ್, 13 ಇಂಚಿನ ಮ್ಯಾಕ್‌ಬುಕ್ ಪ್ರೊ. ರೆಟಿನಾ ಅಲ್ಲ, ಬದಿಯಲ್ಲಿ ಡಿವಿಡಿ ತೂರಿಸುವ ಸಂದು ಇರುವ ದಪ್ಪದ್ದು. 2013ರಲ್ಲಿ ಅಣ್ಣ ದುಬೈಯಿಂದ ರಜೆಗೆ ಬರುವಾಗ ತಂದುಕೊಟ್ಟದ್ದು, ಹಾಗಾಗಿ ಕೀಬೋರ್ಡಿನಲ್ಲಿ ಇಂಗ್ಲಿಷ್ ಜೊತೆ ಅರೇಬಿಕ್ ಅಕ್ಷರಗಳೂ ಇವೆ. ಅದರಲ್ಲಿ ನಾನು ಕನ್ನಡ ಕುಟ್ಟುವುದನ್ನು ನೋಡಿ ನಗದವರಿಲ್ಲ. ಬರುವಾಗ 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್‌ಡಿಸ್ಕ್ ಇತ್ತು. ಈಗ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಮತ್ತು ಎರಡನೇ ಬ್ಯಾಟರಿ. ಎಲ್ಲ ಮನೆಯಲ್ಲೇ ಹಾಕಿದ್ದು. ಅಡಿಯ 10 ಸ್ಕ್ರೂ ಬಿಚ್ಚಿದರೆ ಸಾಕು, ಒಳಗಿನದ್ದೆಲ್ಲ ಕೈಗೆ ಸಿಗುತ್ತದೆ. ಅದರಲ್ಲಿ 3 ಉದ್ದದ್ದು, 7 ಗಿಡ್ಡದ್ದು. ಯಾವುದು ಎಲ್ಲಿಯದ್ದು ಅಂತ ಬಿಚ್ಚುವಾಗಲೇ ನೋಡಿಟ್ಟುಕೊಳ್ಳಿ. ನಮ್ಮ ಉಪ್ಪುಗಾಳಿಗೆ ಎರಡು ಸ್ಕ್ರೂ ತುಕ್ಕು ಹಿಡಿದು ಕೂತಿದ್ದವು, ಒಂದರ ತಲೆಯೇ ಹಾರಿಹೋಯಿತು. ಇವತ್ತಿಗೂ 9 ಸ್ಕ್ರೂವಿನಲ್ಲೇ ಓಡುತ್ತಿದೆ.

ಹೊಸದು ತಗೊಳ್ಳಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಾನು ತಾಳಮದ್ದಳೆ ರೆಕಾರ್ಡ್ ಮಾಡುತ್ತೇನೆ, ದುಡ್ಡಿಗಲ್ಲ, ಹುಚ್ಚಿಗೆ. ಭಾಗವತರಿಗೆ ಒಂದು ಮೈಕು, ಮದ್ದಳೆಗೆ ಒಂದು, ಚೆಂಡೆಗೆ ಸ್ವಲ್ಪ ದೂರದಲ್ಲಿ ಒಂದು, ಅರ್ಥಧಾರಿಗಳ ಸಾಲಿಗೆ ಎರಡು. ಇಷ್ಟನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿಯುವ ಒಂದು ಹಳೇ ಬಾಕ್ಸ್ ನನ್ನ ಹತ್ತಿರ ಇದೆ. ಚೆಂಡೆಯ ಪೆಟ್ಟು ಎಷ್ಟು ಜೋರು ಬಿದ್ದರೂ ಸ್ವರ ಒಡೆಯುವುದಿಲ್ಲ. ಆದರೆ ಅದು ಫೈರ್‌ವೈರ್ ಎಂಬ ಹಳೇ ಬಗೆಯ ಕೇಬಲ್ ಜೋಡಣೆಯದ್ದು. ಈ ಮ್ಯಾಕ್‌ನಲ್ಲಿ ಫೈರ್‌ವೈರ್ 800 ಪೋರ್ಟ್ ಇದೆ, ಈಗ ಅಂಗಡಿಯಲ್ಲಿರುವ ಲ್ಯಾಪ್‌ಟಾಪ್‌ಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೆಷಿನ್ ಬದಲಿಸಿದರೆ ಬಾಕ್ಸೂ ಬದಲಿಸಬೇಕು. ಅಷ್ಟು ದುಡ್ಡು ಈ ಹುಚ್ಚಿಗೆ ಸುರಿದರೆ ಮನೆಯಲ್ಲಿ ಬೇರೆಯೇ ತಾಳಮದ್ದಳೆ ಶುರುವಾಗುತ್ತದೆ.

ಆ್ಯಪಲ್ ಈ ಮಾಡೆಲ್‌ಗೆ ಕೊಟ್ಟ ಕೊನೆಯ ಓಎಸ್ 2019ರ ಕ್ಯಾಟಲಿನಾ. ಅದರ ಸೆಕ್ಯುರಿಟಿ ಅಪ್‌ಡೇಟ್ 2022ರ ಜುಲೈಗೆ ನಿಂತಿತು. ಅಲ್ಲಿಂದ ಒಂದೊಂದಾಗಿ ಕೈಕೊಡುತ್ತಾ ಬಂತು. ಸಫಾರಿಯಲ್ಲಿ ಕೆಲವು ಸೈಟು ಸರಿಯಾಗಿ ತೆರೆಯದು, ರೆಕಾರ್ಡಿಂಗಿಗೆ ಬಳಸುವ ಗರಾಜ್‌ಬ್ಯಾಂಡ್ ಅಪ್‌ಡೇಟ್ ಮಾಡಲು ಹೋದರೆ ಹೊಸ ಓಎಸ್ ಬೇಕು ಅನ್ನುತ್ತದೆ, ಗೆಳೆಯ ಕಳಿಸಿದ ಪ್ರಾಜೆಕ್ಟ್ ಫೈಲು ತೆರೆಯುವುದೇ ಇಲ್ಲ. ಮೆಷಿನ್ ಮಾತ್ರ ಗುಂಡುಕಲ್ಲಿನ ಹಾಗೆ ಇದೆ.

2023ರ ಫೆಬ್ರವರಿಯಲ್ಲಿ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಳಸಿ ಮಾಂಟೆರಿ ಎಂಬ ಹೊಸ ಓಎಸ್ ಹಾಕಿದೆ. ಗೊತ್ತಿಲ್ಲದವರಿಗೆ ಎರಡು ಮಾತು. ಓಪನ್‌ಕೋರ್ ಅಂದರೆ ಒಂದು ಬೂಟ್‌ಲೋಡರ್. ಮೆಷಿನ್ ಆನ್ ಆದ ಕೂಡಲೇ ಓಎಸ್‌ಗಿಂತ ಮೊದಲು ಇದು ಏಳುತ್ತದೆ, ಈ ಮಾಡೆಲ್‌ಗೆ ಆಗುವುದಿಲ್ಲ ಅಂತ ಓಎಸ್ ತಕರಾರು ತೆಗೆಯದ ಹಾಗೆ ನೋಡಿಕೊಳ್ಳುತ್ತದೆ. ಡೊರ್ಟಾನಿಯಾ ಎಂಬ ತಂಡ ಇದನ್ನು ಹಳೇ ಮ್ಯಾಕ್‌ಗಳಿಗೆ ಸುಲಭ ಮಾಡಿ 2020ರಿಂದ ಪುಕ್ಕಟೆ ಕೊಡುತ್ತಿದೆ. ಅರ್ಧ ಕೆಲಸ ಅಷ್ಟು. ಉಳಿದರ್ಧ ರೂಟ್ ಪ್ಯಾಚ್, ಅಂದರೆ ಹೊಸ ಓಎಸ್‌ನಿಂದ ಆ್ಯಪಲ್ ತೆಗೆದುಹಾಕಿದ ಹಳೇ ಡ್ರೈವರ್‌ಗಳನ್ನು ವಾಪಸ್ ತಂದು ಕೂರಿಸುವುದು. ನನ್ನ ಮೆಷಿನ್‌ನ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ಗೆ ಮಾಂಟೆರಿಯಿಂದಲೇ ಇದು ಬೇಕು.

ಹಾಕುವುದು ಕಷ್ಟ ಇಲ್ಲ. ಆ್ಯಪ್ಪೇ ಓಎಸ್ ಇಳಿಸಿಕೊಳ್ಳುತ್ತದೆ, ಪೆನ್‌ಡ್ರೈವ್‌ಗೆ ಬರೆಯುತ್ತದೆ, ಅದೇ ಪೆನ್‌ಡ್ರೈವ್‌ಗೆ ಓಪನ್‌ಕೋರನ್ನೂ ಹಾಕುತ್ತದೆ. ಆಪ್ಷನ್ ಕೀ ಒತ್ತಿ ಹಿಡಿದು ಆನ್ ಮಾಡಿದರೆ ಇಎಫ್‌ಐ ಬೂಟ್ ಅಂತ ಒಂದು ಚಿತ್ರ ಬರುತ್ತದೆ, ಮೊದಲು ಅದನ್ನು ಆರಿಸಿ, ಆಮೇಲೆ ಇನ್‌ಸ್ಟಾಲರ್. ನಾನು ತಪ್ಪಿದ್ದು ಕೊನೆಯಲ್ಲಿ. ಎಲ್ಲ ಮುಗಿಯಿತು ಅಂತ ಖುಷಿಯಲ್ಲಿ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದೆ, ಪರದೆ ನಡುವೆ ಅಡ್ಡಗೆರೆ ಎಳೆದ ಒಂದು ಸೊನ್ನೆ ಬಂದು ಕೂತಿತು. ಓಪನ್‌ಕೋರನ್ನು ಒಳಗಿನ ಡಿಸ್ಕಿಗೂ ಹಾಕಬೇಕು, ಅದನ್ನೇ ಮರೆತಿದ್ದೆ. ಏನಾಗಿದೆ ಅಂತ ಅರ್ಥ ಆಗುವವರೆಗೆ ಎರಡು ದಿನ ಸ್ಕೂಟರಿಗೆ ಚಾವಿ ಹಾಕಿದ ಹಾಗೆ ಪೆನ್‌ಡ್ರೈವ್ ಚುಚ್ಚಿಯೇ ಆನ್ ಮಾಡುತ್ತಿದ್ದೆ.

ಮಾಂಟೆರಿಯಲ್ಲಿ ಒಂದು ವರ್ಷ ಹಾಯಾಗಿ ಹೋಯಿತು. ಅದರ ಬಗ್ಗೆ ಬರೆಯಲು ಎಂತದೂ ಇಲ್ಲ.

2024ರ ಜನವರಿಯಲ್ಲಿ ಸೊನೋಮಾಕ್ಕೆ ಹೋದೆ. ಇಲ್ಲಿ ಒಂದು ಸ್ವಾರಸ್ಯ ಹೇಳಲೇಬೇಕು. 2022ರ ವೆಂಚುರಾದಿಂದ ಈಚೆಗೆ ಇಂಟೆಲ್ ಮ್ಯಾಕ್‌ಗಳ ಓಎಸ್ ಫೈಲುಗಳಿಗೆ ಎವಿಎಕ್ಸ್2 ಎಂಬ ಸೂಚನೆಗಳು ಗೊತ್ತಿರುವ ಪ್ರೊಸೆಸರ್ ಬೇಕು. ನನ್ನ ಮೆಷಿನ್‌ನ ಐವಿ ಬ್ರಿಡ್ಜ್ ಐ5 ಪ್ರೊಸೆಸರಿಗೆ ಅದು ಗೊತ್ತಿಲ್ಲ. ಹಾಗಾದರೆ ಓಡುವುದು ಹೇಗೆ? ಆ್ಯಪಲ್‌ನ ಸ್ವಂತ ಚಿಪ್ ಇರುವ ಎಂ1 ಮ್ಯಾಕ್‌ಗಳಲ್ಲಿ ಇಂಟೆಲ್ ಆ್ಯಪ್‌ಗಳನ್ನು ಓಡಿಸಲು ರೊಸೆಟ್ಟಾ ಎಂಬ ಏರ್ಪಾಡು ಉಂಟಲ್ಲ, ಅದಕ್ಕೆಂದು ಆ್ಯಪಲ್ ಮಾಡಿದ ಇಂಟೆಲ್ ಫೈಲುಗಳ ಇನ್ನೊಂದು ಕಟ್ಟು ಇದೆ, ಅದಕ್ಕೆ ಎವಿಎಕ್ಸ್2 ಬೇಡ. ಪ್ಯಾಚರ್ ಆ ಕಟ್ಟನ್ನೇ ಎತ್ತಿ ಇಲ್ಲಿ ಹಾಕುತ್ತದೆ. ಹೊಚ್ಚ ಹೊಸ ಮೆಷಿನ್‌ಗೆ ಅಂತ ಮಾಡಿಟ್ಟದ್ದು ಅಜ್ಜನ ಮೆಷಿನ್‌ಗೆ ಸರಿಹೋಯಿತು. ಇದನ್ನು ಕಂಡುಹಿಡಿದವರಿಗೆ ದೊಡ್ಡ ನಮಸ್ಕಾರ.

ಆದರೆ ಸೊನೋಮಾದಲ್ಲಿ ಹಳೇ ಬ್ರಾಡ್‌ಕಾಮ್ ವೈಫೈ ಕಾರ್ಡುಗಳ ಡ್ರೈವರೂ ಹೋಗಿದೆ. ಈಗ ವೈಫೈಗೂ ರೂಟ್ ಪ್ಯಾಚೇ ಗತಿ. ನಿಜವಾದ ಕಥೆ ಶುರುವಾಗುವುದು ಇಲ್ಲಿ, ಯಾಕಂದರೆ ಓಎಸ್ ಅಪ್‌ಡೇಟ್ ಆದಾಗಲೆಲ್ಲ ರೂಟ್ ಪ್ಯಾಚ್ ಅಳಿಸಿಹೋಗುತ್ತದೆ. ಪ್ರತಿ ಸಲ. ಅಪ್‌ಡೇಟ್ ಆಗಿ ಎದ್ದ ಮೆಷಿನ್‌ನಲ್ಲಿ ವೈಫೈ ಇಲ್ಲ, ಕೆಳಗಿನ ಡಾಕ್ ಬೂದು ಹಲಗೆಯ ಹಾಗೆ ಕಾಣುತ್ತದೆ, ಒಂದು ವಿಂಡೋ ಎಳೆದರೆ ಅದು ಆಷಾಢದ ಕೆಸರುಗದ್ದೆಯಲ್ಲಿ ನಡೆದ ಹಾಗೆ ಹಿಂದೆ ಹಿಂದೆ ಬರುತ್ತದೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುತ್ತದೆ. ಪ್ಯಾಚರ್ ತೆರೆದು ರೂಟ್ ಪ್ಯಾಚ್ ಮತ್ತೆ ಹಾಕಿ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಆದರೆ ಗ್ರಾಫಿಕ್ಸ್ ಪ್ಯಾಚ್‌ಗೆ ಕೆಡಿಕೆ ಎಂಬ ಪ್ಯಾಕೇಜ್ ಒಂದನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಲ್ಯಾನ್ ಕೇಬಲ್ ಸಿಕ್ಕಿಸಿ ಮಾಡಿದರೆ ತಲೆಬಿಸಿ ಕಡಿಮೆ. ಪುಣ್ಯಕ್ಕೆ ನನ್ನದರಲ್ಲಿ ಲ್ಯಾನ್ ಪೋರ್ಟ್ ಇದೆ, ಅದಕ್ಕೆ ಪ್ಯಾಚ್ ಬೇಡ. ಚಾವಡಿಯ ರೌಟರಿನಿಂದ ಮಾಳಿಗೆ ಮೆಟ್ಟಿಲವರೆಗೆ ಎಳೆಯುವ ಒಂದು ಹಳದಿ ಕೇಬಲ್ ನಮ್ಮ ಮನೆಯಲ್ಲಿ ಆ ಕೆಲಸಕ್ಕೆಂದೇ ಇದೆ.

ಇನ್ನೊಂದು, ಪ್ಯಾಚ್ ಹಾಕಿದ ಓಎಸ್‌ನ ಸೀಲ್, ಅಂದರೆ ಅದರ ಫೈಲುಗಳನ್ನು ಯಾರೂ ಮುಟ್ಟಿಲ್ಲ ಅನ್ನುವ ಗುರುತು, ಒಡೆದಿರುತ್ತದೆ. ಹಾಗಾಗಿ ಸಣ್ಣ ಅಪ್‌ಡೇಟಿಗೂ ಪೂರ್ತಿ ಓಎಸ್ ಇಳಿಯುತ್ತದೆ, ಸುಮಾರು 12 ಜಿಬಿ. ಮಳೆಗಾಲದಲ್ಲಿ ಸಂಜೆ ಹೊತ್ತು ಇದನ್ನು ಶುರು ಮಾಡಬೇಡಿ. ಗುಡುಗು ಕೇಳಿದ ಕೂಡಲೇ ನಾವು ರೌಟರಿನ ಪ್ಲಗ್ ಎಳೆಯುವವರು, ಮತ್ತೆ ಮೊದಲಿನಿಂದ ಇಳಿಸಬೇಕಾದೀತು.

ಸೆಕ್ಯುರಿಟಿ ಬಗ್ಗೆ ನನ್ನ ಲೆಕ್ಕ ಇಷ್ಟು. ಹೊಸ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ, ಅದು ಲಾಭ. ಆದರೆ ಪ್ಯಾಚ್ ಹಾಕಲು ಓಎಸ್‌ನ ಕಾವಲನ್ನು, ಎಸ್‌ಐಪಿ ಅನ್ನುತ್ತಾರಲ್ಲ ಅದನ್ನು, ಸ್ವಲ್ಪ ಸಡಿಲ ಬಿಡಬೇಕು. ಅಪ್‌ಡೇಟೇ ಇಲ್ಲದ ಕ್ಯಾಟಲಿನಾಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ. ಆದರೂ ಬ್ಯಾಂಕಿನ ಕೆಲಸ ನಾನು ಇದರಲ್ಲಿ ಮಾಡುವುದಿಲ್ಲ.

ಈಗ ಅಕ್ಕನ ವಿಷಯ. ಅಕ್ಕ ಇರುವುದು ಉಡುಪಿಯಲ್ಲಿ, ಟೀಚರ್. ಅವಳ ಹತ್ತಿರ 2013ರ ಮ್ಯಾಕ್‌ಬುಕ್ ಏರ್ ಇತ್ತು, ಅದಕ್ಕೆ ಆ್ಯಪಲ್ ಕೊಟ್ಟ ಕೊನೆಯ ಓಎಸ್ ಬಿಗ್ ಸುರ್. ನನ್ನದರಲ್ಲಿ ಸೊನೋಮಾ ನೋಡಿ ನನಗೂ ಹಾಕಿಕೊಡು ಅಂದಳು. ನಾನೂ ಹುರುಪಿನಲ್ಲಿದ್ದೆ, ಹಾಕಿಕೊಟ್ಟೆ. ಎರಡು ತಪ್ಪು ಮಾಡಿದೆ. ಅದರ ರ‍್ಯಾಮ್ 4 ಜಿಬಿ, ಬೋರ್ಡಿಗೇ ಬೆಸುಗೆ ಹಾಕಿದ್ದು, ಜಾಸ್ತಿ ಮಾಡಲು ಬರುವುದಿಲ್ಲ. ನನ್ನದರಲ್ಲಿ ಸುಮ್ನೆ ಆನ್ ಮಾಡಿ ಇಟ್ಟರೇ 5 ಜಿಬಿ ಹತ್ತಿರ ತಿನ್ನುತ್ತದೆ, ಇನ್ನು ಅವಳದ್ದು ಹೇಗೆ ಓಡಬೇಕು ಹೇಳಿ. ಎರಡನೇ ತಪ್ಪು, ಅಪ್‌ಡೇಟ್ ಮುಟ್ಟಬೇಡ ಅಂತ ಅಕ್ಕನಿಗೆ ಹೇಳಿದ್ದೆ, ಭಾವನಿಗೆ ಹೇಳಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು. "ಎಂತ ಮಾರಾಯ ನೀನು ಹಾಕಿಕೊಟ್ಟದ್ದು? ಇದರಲ್ಲಿ ವೈಫೈಯೇ ಇಲ್ಲ. ನಾಳೆ ಮಾರ್ಕ್ಸ್ ಕಳಿಸ್ಲಿಕ್ಕುಂಟು." ಹಿಂದಿನಿಂದ ಭಾವ, "ನಾನು ಎಂತ ಮಾಡ್ಲಿಲ್ಲ, ಅದು ಕೇಳಿತು, ನಾನು ಸರಿ ಅಂತ ಒತ್ತಿದೆ ಅಷ್ಟೇ."

ಫೋನಿನಲ್ಲಿ ಹೇಳಿಕೊಡಲು ಮುಕ್ಕಾಲು ಗಂಟೆ ನೋಡಿದೆ. ಬಾಣದ ಗುರುತು ಹಿಂದೆ ಹಿಂದೆ ಬರುವ ಪರದೆಯಲ್ಲಿ, ಅದು ಎಡಕ್ಕೆ ಕಾಣುತ್ತದಾ, ಬಲಕ್ಕಾ ಅಂತ ಕೇಳುತ್ತಾ ಕೂತರೆ ಒಳ್ಳೆಯ ಸಂಬಂಧವೂ ಹಾಳಾಗುತ್ತದೆ. ಏರ್‌ನಲ್ಲಿ ಲ್ಯಾನ್ ಪೋರ್ಟೂ ಇಲ್ಲ. ಕೊನೆಗೆ ಯುಎಸ್‌ಬಿಗೆ ಸಿಕ್ಕಿಸುವ ಲ್ಯಾನ್ ಅಡಾಪ್ಟರ್ ಚೀಲಕ್ಕೆ ಹಾಕಿಕೊಂಡು ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಹತ್ತು ನಿಮಿಷದ ಕೆಲಸ, ಹೋಗಿಬರಲು ಮೂರು ಗಂಟೆ. ನೀರುದೋಸೆ ಸಿಕ್ಕಿತು, ಅದು ಬೇರೆ ಮಾತು. ಹೀಗೆ ಮೂರು ಸಲ ಹೋದೆ. ಮೂರನೇ ಸಲ ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಪುಕ್ಕಟೆ ಓಎಸ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ಬಂದೆ. ಅಲ್ಲೂ ವೈಫೈ ಡ್ರೈವರ್ ಒಂದು ಸಲ ಹಾಕಬೇಕಾಯಿತು, ಆಮೇಲೆ ಒಂದು ಫೋನೂ ಬಂದಿಲ್ಲ. ಜೀಮೇಲ್, ವರ್ಡ್ ಫೈಲು, ಯೂಟ್ಯೂಬ್, ಅವಳಿಗೆ ಬೇಕಾದದ್ದು ಅಷ್ಟೇ.

ಪ್ಯಾಚರ್ ಮೇಲೆ ನಾನು ಅನ್ಯಾಯವಾಗಿ ಸಿಟ್ಟಾದ ಕಥೆಯೂ ಒಂದಿದೆ. 2024ರ ಜುಲೈ, ಜಡಿಮಳೆ. ಮೆಷಿನ್ ಕೆಲಸದ ನಡುವೆ ನಿಲ್ಲಲು ಶುರುವಾಯಿತು. ಬಣ್ಣದ ಚೆಂಡು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಕೆಲವೊಮ್ಮೆ ಆನ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಮಿಣುಕುತ್ತದೆ. ಸೊನೋಮಾ ಹಾಕಿದ್ದೇ ತಪ್ಪು ಅಂತ ಎರಡು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿದೆ, ಸರಿ ಆಗಲಿಲ್ಲ. ಒಂದು ರಿಪೇರಿ ಅಂಗಡಿಯಲ್ಲಿ ಬೋರ್ಡ್ ಹೋಗಿದೆ, 18 ಸಾವಿರ ಆಗುತ್ತದೆ ಅಂದರು. ಇನ್ನೊಬ್ಬರು ವಯಸ್ಸಾದವರು, ಮಂಗಳೂರಿನ ಕದ್ರಿ ಹತ್ತಿರ ಮನೆಯಲ್ಲೇ ರಿಪೇರಿ ಮಾಡುವವರು, ಎಸ್‌ಎಸ್‌ಡಿ ಹೊರಗೆ ತೆಗೆದು ಒಂದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಅದರಿಂದಲೇ ಬೂಟ್ ಮಾಡಿದರು. ಚಹಾ ಕುಡಿದು ಮುಗಿದರೂ ಮೆಷಿನ್ ನಿಲ್ಲಲಿಲ್ಲ. "ಬೋರ್ಡೂ ಸರಿ ಉಂಟು, ಡಿಸ್ಕೂ ಸರಿ ಉಂಟು. ನಡುವೆ ಎಂತ ಉಂಟು? ಕೇಬಲ್." ಡಿಸ್ಕಿನಿಂದ ಬೋರ್ಡಿಗೆ ಹೋಗುವ ಆ ಚಪ್ಪಟೆ ಕೇಬಲ್ ಈ ಮಾಡೆಲ್‌ನಲ್ಲಿ ಹೋಗುವುದು ಮಾಮೂಲಂತೆ. ಎರಡು ಸಾವಿರದ ಒಳಗೆ ಮುಗಿಯಿತು. ಹೊಸ ಕೇಬಲ್ ಬಾಡಿಗೆ ಉಜ್ಜದ ಹಾಗೆ ಅಡಿಗೆ ಒಂದು ಪಟ್ಟಿ ಟೇಪ್ ಅಂಟಿಸಿ ಕೊಟ್ಟರು. ನಿಮ್ಮದು ಇದೇ ಮಾಡೆಲ್ ಆಗಿದ್ದು ಹೀಗೇ ಆದರೆ ಓಎಸ್ ಬದಲಿಸುವ ಮೊದಲು ಕೇಬಲ್ ನೋಡಿ ಮಾರಾಯ್ರೇ.

ದಿನದ ಬಳಕೆ ಹೇಗಿದೆ ಅಂದರೆ, ಗರಾಜ್‌ಬ್ಯಾಂಡ್‌ನಲ್ಲಿ ಐದು ಟ್ರ್ಯಾಕ್ ಇಟ್ಟು ಮೂರು ಗಂಟೆ ರೆಕಾರ್ಡ್ ಮಾಡಿದ್ದೇನೆ, ಒಂದು ಸಲವೂ ತಪ್ಪಲಿಲ್ಲ. ಕನ್ನಡ ಟೈಪಿಂಗ್‌ಗೆ ಮೊದಲಿನಿಂದಲೂ ಇರುವ ಕನ್ನಡ ಕ್ವರ್ಟಿ ಕೀಬೋರ್ಡೇ ಸಾಕು. ಬ್ರೌಸರಿನಲ್ಲಿ ಹತ್ತು ಟ್ಯಾಬ್‌ವರೆಗೆ ತೊಂದರೆ ಇಲ್ಲ. ವಿಡಿಯೋದಲ್ಲಿ ಮೆಷಿನ್‌ನ ವಯಸ್ಸು ಗೊತ್ತಾಗುತ್ತದೆ. ಯೂಟ್ಯೂಬ್ ಈಗ ಕೊಡುವ ವಿಪಿ9 ಎಂಬ ಬಗೆಯ ವಿಡಿಯೋವನ್ನು ಈ ಗ್ರಾಫಿಕ್ಸ್ ಬಿಡಿಸಲಾರದು, ಎಲ್ಲ ಭಾರ ಪ್ರೊಸೆಸರ್ ಮೇಲೆ, ಫ್ಯಾನ್ ಮಿಕ್ಸಿಯ ಹಾಗೆ ಕೂಗುತ್ತದೆ. 720ರಲ್ಲಿ ಇಟ್ಟರೆ ಸುಮ್ಮನಿರುತ್ತದೆ. ಐಫೋನಿನ ಎಚ್‌ಇವಿಸಿ ವಿಡಿಯೋ ಕೂಡ ತಡೆತಡೆದು ಓಡುತ್ತದೆ. ಇದು ಪ್ಯಾಚರಿನ ತಪ್ಪಲ್ಲ, 2012ರ ಚಿಪ್‌ನಲ್ಲಿ ಅದಕ್ಕೆ ಬೇಕಾದದ್ದೇ ಇಲ್ಲ. ದೊಡ್ಡ ಅಪ್‌ಡೇಟ್ ಆದ ಮೇಲೆ ಎರಡು ದಿನ ಫೋಟೋ, ಫೈಲು ಎಲ್ಲ ಮತ್ತೆ ಹುಡುಕಿ ಪಟ್ಟಿ ಮಾಡುತ್ತದೆ, ಆಗ ತೊಡೆ ಮೇಲೆ ಇಟ್ಟುಕೊಳ್ಳಬೇಡಿ.

2024ರ ಡಿಸೆಂಬರಿನಲ್ಲಿ ಸೊನೋಮಾದ ನಂತರದ ಓಎಸ್ ಸಿಕೋಯಾ ಹಾಕಿ ಒಂದು ವಾರ ನೋಡಿದೆ. ಭಾರ ಅನ್ನಿಸಿತು. ಅದರಲ್ಲಿ ದೊಡ್ಡದಾಗಿ ಹೇಳಿದ್ದ ಐಫೋನ್ ಮಿರರಿಂಗ್‌ಗೆ, ಅಂದರೆ ಫೋನಿನ ಪರದೆಯನ್ನು ಮ್ಯಾಕ್‌ನಲ್ಲೇ ನೋಡಿ ಬಳಸುವುದಕ್ಕೆ, ಇಂಟೆಲ್ ಮ್ಯಾಕ್‌ನಲ್ಲಿ ಟಿ2 ಎಂಬ ಸೆಕ್ಯುರಿಟಿ ಚಿಪ್ ಬೇಕು, ನಮ್ಮದರಲ್ಲಿ ಅದಿಲ್ಲ. ಎಲ್ಲ ಅಳಿಸಿ ಸೊನೋಮಾಕ್ಕೇ ವಾಪಸ್ ಬಂದೆ. 2025ರ ಓಎಸ್ ಟಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದ್ದು ಅಂತ ಆ್ಯಪಲ್ಲೇ ಹೇಳಿಬಿಟ್ಟಿದೆ, ಮೇಲಾಗಿ ಅದರಲ್ಲಿ ಫೈರ್‌ವೈರನ್ನೇ ತೆಗೆದಿದ್ದಾರೆ. ಅಲ್ಲಿಗೆ ನನ್ನ ಬಾಕ್ಸ್ ಹೋಗುವಂತಿಲ್ಲ, ಹಾಗಾಗಿ ನಾನೂ ಹೋಗುವುದಿಲ್ಲ.

ಇದನ್ನು ಬರೆಯುವಾಗಲೂ ಬಲಗಡೆ ಮೂಲೆಯಲ್ಲಿ ಅಪ್‌ಡೇಟ್ ಉಂಟು ಅಂತ ತೋರಿಸುತ್ತಾ ಇದೆ. ಶನಿವಾರ ರಾತ್ರಿ ದೇವಸ್ಥಾನದಲ್ಲಿ ಕೂಟ ಇದೆ, ಅದರ ರೆಕಾರ್ಡಿಂಗ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಭಾನುವಾರ ಮಳೆ ಇಲ್ಲದಿದ್ದರೆ ಹಳದಿ ಕೇಬಲ್ ಎಳೆಯಬೇಕು.